ಜಿಂಕೆಯ ಬಟ್ಟಲಿಗೆ ಒಂದು ಚಮಚ ಮೀನೆಣ್ಣೆ

ನನ್ನ ಕೋಣೆಯ ಹಿಂದೆ, ನಲ್ಲಿಯ ಪಕ್ಕದಲ್ಲಿ, ಹಾಲಿನ ಪುಡಿಯ ಹಳೆಯ ಡಬ್ಬಿಯೊಂದಿದೆ. ಅದರಲ್ಲಿ ಇರುವುದು ಮಣ್ಣು. ನೋಡಿದವರು, ‘ಪುದೀನ ಹಾಕಲಿಕ್ಕಾ?’ ಎಂದು ಕೇಳುತ್ತಾರೆ. ‘ಅಲ್ಲ, ಕೈ ತೊಳೆಯಲಿಕ್ಕೆ’ ಎಂದರೆ ಡಬ್ಬಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ. ಈಗ ಆ ಮಣ್ಣಿನಿಂದ ಕೈ ತೊಳೆಯುವ ಕೆಲಸವೂ ಇಲ್ಲ. ಆದರೂ ಡಬ್ಬಿ ಎಸೆಯಲು ಮನಸ್ಸು ಬರುವುದಿಲ್ಲ. ನಿನ್ನೆ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದವನು ಮುಚ್ಚಳ ತೆಗೆದು, ಮಣ್ಣಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಮೂಗಿನ ಹತ್ತಿರ ಹಿಡಿದೆ. ಏನೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಹಿಡಿಯುತ್ತೇನೆ. ಕೆಲವರು ಹಳೆಯ ಸ್ನೇಹಿತನ ನಂಬರಿಗೆ ಫೋನ್ ಮಾಡಿ, ಆಚೆ ಕಡೆ ರಿಂಗಾಗುವುದನ್ನು ಸುಮ್ಮನೆ ಕೇಳುತ್ತ ಕೂರುತ್ತಾರಲ್ಲ, ಹಾಗೆ.

ನಾನು ಅಡುಗೆಯವನು. ಹುಟ್ಟಿದ್ದು ಉಳ್ಳಾಲದ ಕಡಲ ಬದಿ, ಕೆಲಸ ಅರಬರ ನಾಡಿನ ದಹ್ರಾನಿನಲ್ಲಿ, ಗೇಟಿಗೆ ಕಾವಲಿರುವ ಕಾಂಪೌಂಡಿನೊಳಗೆ. ಶಾಲೆಯನ್ನು ಐದನೇ ಕ್ಲಾಸಿನಲ್ಲಿ ಬಿಟ್ಟೆ. ಶಾಲೆ ನನ್ನನ್ನು ತಡೆದ ನೆನಪಿಲ್ಲ. ಆಮೇಲೆ ಓದಲು ಕಲಿತದ್ದು ಅಡುಗೆಮನೆಗಳಲ್ಲಿ, ಸಾಮಾನು ಕಟ್ಟಿ ಬಂದ ಪೇಪರಿನ ತುಂಡುಗಳಿಂದ. ಹಾಗಾಗಿ ಅನೇಕ ಕಥೆಗಳ ನಡುವಿನ ಭಾಗ ಮಾತ್ರ ನನಗೆ ಗೊತ್ತು. ಆರಂಭವೂ ಕೊನೆಯೂ ಬೇರೆ ಯಾರದೋ ಮನೆಯ ಮೆಣಸಿನ ಪೊಟ್ಟಣಕ್ಕೆ ಹೋಗಿರುತ್ತಿತ್ತು. ಈ ಬರಹದಲ್ಲೂ ಹಾಗೇನಾದರೂ ಆದರೆ ನೀವು ಸುಧಾರಿಸಿಕೊಳ್ಳಬೇಕು. ಅಡುಗೆಯ ವಿಷಯದಲ್ಲಿ ಮಾತ್ರ ನಾನು ಸುಧಾರಿಸಿಕೊಳ್ಳಿ ಎಂದು ಯಾರನ್ನೂ ಕೇಳಿದವನಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೈಯಡುಗೆಯನ್ನು ತಟ್ಟೆಯಲ್ಲಿ ಬಿಟ್ಟು ಎದ್ದವರಿಲ್ಲ. ಒಬ್ಬಳ ಹೊರತು. ಅವಳ ಹೆಸರು ಜಿಂಕೆ. ಜಿಂಕೆ ಒಂದು ನಾಯಿ.

ಹಿಂದೆ ನಾನಿದ್ದ ಮನೆಯ ಮೇಡಂ ಕೊಡಗಿನವರು. ಅವರ ಯಜಮಾನರು ಇಂಜಿನಿಯರು. ವಾರವೆಲ್ಲ ರಾಸ್ ಅಲ್ ಖೈರಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಅದಕ್ಕೂ ಮುಂಚೆ ಅವರಿಗೆ ಮರುಭೂಮಿಯ ಹಾಯಿಲ್ ಎಂಬ ಊರಿನಲ್ಲಿ ಕೆಲಸವಿದ್ದಾಗ ಅಲ್ಲಿನ ತೋಟದ ಮಾಲೀಕನೊಬ್ಬ ಒಂದು ಮರಿ ಕೊಟ್ಟಿದ್ದನಂತೆ. ಅರಬರು ಬೇಟೆಗೆ ಸಾಕುವ ಸಲೂಕಿ ಜಾತಿ. ಉದ್ದ ಕಾಲು, ಕಿವಿಯಲ್ಲಿ ಜಡೆ ಬಿಟ್ಟ ಹಾಗೆ ಕೂದಲು, ಎರಡೂ ಬದಿಯಿಂದ ಒತ್ತಿ ತೆಗೆದಂತಹ ಹೊಟ್ಟೆ. ಓಡುವುದನ್ನು ನೋಡಿ ಮೇಡಂ ಜಿಂಕೆ ಎಂದು ಕರೆದರು. ‘ಇದು ನಾಯಿಯಲ್ಲ, ಸಲೂಕಿ. ನಮ್ಮ ಡೇರೆಯೊಳಗೇ ಮಲಗುತ್ತದೆ’ ಎಂದು ಆ ಮಾಲೀಕ ಹೇಳಿದ್ದನಂತೆ. ಅವರವರ ಪಂಡಿತರ ಮಾತು ಅವರವರಿಗೆ. ನಮ್ಮ ಕಡಲ ಬದಿಯ ಬ್ಯಾರಿಗಳಿಗೆ ಚಿಕ್ಕಂದಿನಿಂದ ಕಲಿಸಿದ ಪಾಠ ಬೇರೆ. ನಾಯಿಯ ಜೊಲ್ಲು ಕೈಗೆ ತಾಗಿದರೆ, ಪಾತ್ರೆಗೆ ತಾಗಿದರೆ, ಏಳು ಸಲ ತೊಳೆಯಬೇಕು. ಅದರಲ್ಲಿ ಒಂದು ಸಲ ಮಣ್ಣು ಕದಡಿದ ನೀರಿನಲ್ಲಿ.

ಕೆಲಸಕ್ಕೆ ಸೇರಿದ ದಿನವೇ ಮೇಡಂಗೆ ಹೇಳಿದೆ. “ಮೇಡಂ, ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕ್ತೇನೆ. ಮುದ್ದು ಮಾಡುವುದು ನನ್ನಿಂದ ಆಗುವುದಿಲ್ಲ.”

ಮೇಡಂ ಒಳಗೆ ಮಲಗಿದ್ದ ಜಿಂಕೆಯ ಕಡೆ ನೋಡಿದರು. “ಅವಳಿಗೂ ಮುದ್ದು ಅಂದ್ರೆ ಅಷ್ಟಕ್ಕಷ್ಟೇ, ಮೊಯ್ದೀನ್. ನಿಮ್ಮಿಬ್ಬರಿಗೆ ಸರಿಹೋಗುತ್ತೆ.”

ಸರಿಹೋಯಿತು. ಅಡುಗೆಮನೆಯ ಹಿಂಬಾಗಿಲ ಹೊರಗೆ ತಗಡಿನ ಸಣ್ಣ ಸ್ಟೋರು ಇತ್ತು. ಜಿಂಕೆಯ ಬಟ್ಟಲು, ಚಮಚ, ಕಾಳಿನ ಚೀಲ ಎಲ್ಲ ಅಲ್ಲಿ. ಮಣ್ಣಿನ ಡಬ್ಬಿಯೂ ಅಲ್ಲಿ. ಕಾಳು ಎಂದರೆ ನಾಯಿಗಳಿಗೆಂದೇ ಚೀಲದಲ್ಲಿ ಬರುವ ಒಣ ತಿಂಡಿ, ಹುರಿದ ಹುಣಸೆಬೀಜದ ಹಾಗೆ ಕಾಣುತ್ತದೆ. ಅದನ್ನು ಬಟ್ಟಲಿಗೆ ಸುರಿದರೆ ಗರಗರ ಸದ್ದಾಗುತ್ತದೆ. ಆ ಸದ್ದಿಗೆ ಜಿಂಕೆ ಬರುತ್ತಿದ್ದಳು, ತಿನ್ನುತ್ತಿದ್ದಳು, ಹೋಗುತ್ತಿದ್ದಳು. ಆರು ವರ್ಷ ನಮ್ಮಿಬ್ಬರ ನಡುವೆ ಇಷ್ಟೇ ಮಾತುಕತೆ.

ಮಧ್ಯಾಹ್ನ ಮಾತ್ರ ಅವಳು ನನ್ನ ಹತ್ತಿರ ಇರುತ್ತಿದ್ದಳು. ಹೊರಗೆ ಬಿಸಿಲು ಗೋಡೆಗಳನ್ನು ಬೆಳ್ಳಗೆ ಬೇಯಿಸುತ್ತಿರುವಾಗ, ಅಡುಗೆಮನೆಯ ತಣ್ಣನೆಯ ಟೈಲ್ಸಿನ ಮೇಲೆ, ನಾನು ಕೂರುವ ಸ್ಟೂಲಿನಿಂದ ಎರಡು ಮಾರು ದೂರದಲ್ಲಿ ಉದ್ದಕ್ಕೆ ಬಿದ್ದುಕೊಳ್ಳುತ್ತಿದ್ದಳು. ಏಸಿಯ ಗುಂಯ್ ಎನ್ನುವ ಸದ್ದಿಗೆ ಅವಳಿಗೂ ನನಗೂ ಒಟ್ಟಿಗೇ ಜೊಂಪು ಹತ್ತುತ್ತಿತ್ತು. ಅವಳ ಕಾಲುಗಳು ನಿದ್ದೆಯಲ್ಲೇ ಓಡತೊಡಗುತ್ತಿದ್ದವು. ಹಾಯಿಲಿನ ಮರಳಿನಲ್ಲಿ ಯಾವ ಮೊಲದ ಹಿಂದೆ ಹೋಗುತ್ತಿದ್ದಳೋ. ನನಗೂ ಕನಸು ಬೀಳುತ್ತಿತ್ತು. ನನ್ನ ಕನಸಿನಲ್ಲಿ ಓಟ ಇರಲಿಲ್ಲ, ವಾಸನೆ ಇರುತ್ತಿತ್ತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನನಗೆ ಮೂಗಿಲ್ಲ. ಮುಖದ ಮೇಲೆ ಇದೆ, ದೊಡ್ಡದೇ ಇದೆ, ಕೆಲಸ ಮಾಡುವುದಿಲ್ಲ. ಕೊರೋನಾ ಜ್ವರ ಎರಡನೇ ಸಲ ಬಂದು ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ವಾರದಲ್ಲಿ ಬರುತ್ತದೆ ಎಂದರು, ತಿಂಗಳಲ್ಲಿ ಬರುತ್ತದೆ ಎಂದರು. ಎರಡು ವರ್ಷವಾದರೂ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಕಣ್ಣಿಲ್ಲದ ಡ್ರೈವರನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಅದೂ ನನ್ನಂಥವನ ಮೂಗು. ನನಗೆ ಅಡುಗೆ ಕಲಿಸಿದವರು ಮದುವೆಮನೆಗಳಿಗೆ ಬಿರಿಯಾನಿ ಮಾಡುತ್ತಿದ್ದ ಅದ್ರಾಮಾಕ. ನೋಂಬಿನ ತಿಂಗಳು, ಬಾಯಿಗೆ ಹನಿ ನೀರು ಹಾಕುವಂತಿಲ್ಲದ ಹೊತ್ತಿನಲ್ಲಿ, ಸಂಜೆಯ ಅಡುಗೆಗೆ ಉಪ್ಪು ನೋಡುವುದನ್ನು ಅವರು ಮೂಗಿನಿಂದ ಕಲಿಸಿದ್ದರು. ಮುಚ್ಚಳ ಸರಿಸಿ, ಕಣ್ಣು ಮುಚ್ಚಿ, ಹಬೆಯನ್ನು ಅಂಗೈಯಿಂದ ಮುಖಕ್ಕೆ ಎಳೆದುಕೊಂಡು, “ಇನ್ನು ಅರ್ಧ ಹಿಡಿ” ಎನ್ನುತ್ತಿದ್ದರು. ಉಪ್ಪಿಗೆ ವಾಸನೆಯಿಲ್ಲ ಎಂದು ನೀವು ಹೇಳಬಹುದು. ನೀವು ಅದ್ರಾಮಾಕನ ಜೊತೆ ಕೆಲಸ ಮಾಡಿದವರಲ್ಲ.

ಮೂಗು ಹೋದಮೇಲೆ ಕಿವಿಯನ್ನು ಕೆಲಸಕ್ಕೆ ಹಚ್ಚಿದೆ. ಈರುಳ್ಳಿಗೆ ಒಂದು ಸದ್ದಿದೆ, ನಿಮಗೆ ಗೊತ್ತೇ? ಎಣ್ಣೆಗೆ ಬಿದ್ದಾಗ ಅದು ಜೋರಾಗಿ ಅಳುತ್ತದೆ. ನೀರು ಆರುತ್ತಾ ಬಂದ ಹಾಗೆ ಅಳು ಸಣ್ಣದಾಗಿ ಬಿಕ್ಕಳಿಕೆಯಾಗುತ್ತದೆ. ಕೆಂಪಾಗುವ ಹೊತ್ತಿಗೆ ಪಿಸುಮಾತು. ಆಗ ಇಳಿಸಬೇಕು. ಉಪ್ಪು, ಹುಳಿ, ಖಾರ ನಾಲಿಗೆಗೆ ಈಗಲೂ ಗೊತ್ತಾಗುತ್ತದೆ. ಉಳಿದದ್ದಕ್ಕೆ ಬಣ್ಣ, ಹಬೆ, ಬೆರಳು. ಹೀಗೆ ಎರಡು ವರ್ಷ ಮನೆಮಂದಿಗೆ ಒಂದು ದಿನವೂ ಅನುಮಾನ ಬಾರದಂತೆ ಅಡುಗೆ ಮಾಡಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಹೆಮ್ಮೆಯೇ ಮುಂದೆ ಕೆಡಿಸಿದ್ದು.

ವಾಸನೆ ಬರುತ್ತಿದ್ದದ್ದು ಕನಸಿನಲ್ಲಿ ಮಾತ್ರ. ಅದೂ ಎಂಥ ವಾಸನೆ! ಅತ್ತರಲ್ಲ, ಬಿರಿಯಾನಿಯಲ್ಲ, ನಮ್ಮ ಉಮ್ಮ ಕುಡಿಸುತ್ತಿದ್ದ ಮೀನೆಣ್ಣೆಯದು. ಸರಕಾರಿ ಆಸ್ಪತ್ರೆಯ ನರ್ಸಮ್ಮ ನನ್ನ ಪಕ್ಕೆಲುಬು ಎಣಿಸಿ ನೋಡಿ ಕೊಟ್ಟ ಬಾಟಲಿ. ಶುಕ್ರವಾರ ಬೆಳಿಗ್ಗೆ ಉಮ್ಮ ನನ್ನನ್ನು ಎರಡು ಮಂಡಿಗಳ ನಡುವೆ ಹಿಡಿದು, “ಮೂಗು ಮುಚ್ಚು, ನುಂಗು” ಎಂದು ಒಂದು ಚಮಚ ಸುರಿದು, ಬಾಯಿ ಮುಚ್ಚುವ ಮೊದಲೇ ಬೆಲ್ಲದ ತುಂಡು ತುರುಕುತ್ತಿದ್ದಳು. ಹೊರಗೆ ಕಡಪ್ಪುರದಲ್ಲಿ, ಎಂದರೆ ಕಡಲ ದಂಡೆಯಲ್ಲಿ, ಬೂತಾಯಿ ಮೀನಿನ ಎಣ್ಣೆಯನ್ನು ದೋಣಿಯ ಹಲಗೆಗೆ ತಿಕ್ಕುತ್ತಿದ್ದರು. ದೋಣಿಗೂ ಮಕ್ಕಳಿಗೂ ಒಂದೇ ಎಣ್ಣೆ. ದೋಣಿಗೆ ಹೊರಗಿನಿಂದ, ನಮಗೆ ಒಳಗಿನಿಂದ. ಎರಡೂ ನೀರಿಗೆ ಕೆಡಬಾರದು ಎಂದೇ ಇರಬೇಕು. ಆ ದಿನಗಳಲ್ಲಿ ಓಡಿ ತಪ್ಪಿಸಿಕೊಳ್ಳುತ್ತಿದ್ದ ಆ ವಾಸನೆಗಾಗಿ ಈಗ ಮಧ್ಯಾಹ್ನದ ಜೊಂಪಿನಲ್ಲಿ ಕಾಯುತ್ತ ಮಲಗುತ್ತಿದ್ದೆ.

ಜಿಂಕೆಗೆ ವಯಸ್ಸಾಯಿತು. ಏಪ್ರಿಲ್ ಹೊತ್ತಿಗೆ ಅವಳ ಬೆನ್ನುಮೂಳೆ ಎಣಿಸಬಹುದಿತ್ತು. ಖೋಬಾರಿನಲ್ಲಿರುವ ಈಜಿಪ್ಟಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅವರು ಹಲ್ಲು ನೋಡಿದರು, ಸೊಂಟ ಒತ್ತಿದರು, ತಕ್ಕಡಿಯ ಮೇಲೆ ನಿಲ್ಲಿಸಿದರು. ಬರೀ ಒಣ ಕಾಳು ಸಾಲದು, ಅದರ ಮೇಲೆ ದಿನಾ ತಾಜಾ ಆಹಾರ ಸ್ವಲ್ಪ ಬೆರೆಸಿ ಎಂದು ಇಂಗ್ಲಿಷಿನಲ್ಲಿ ಪಟ್ಟಿ ಬರೆದುಕೊಟ್ಟರು. ಮನೆಗೆ ಬಂದು ಮೇಡಂ ಓದಿದರು, ನಾನು ಕನ್ನಡದಲ್ಲಿ ಬರೆದು ಸ್ಟೋರಿನ ಬಾಗಿಲಿಗೆ ಅಂಟಿಸಿದೆ. ಬೇಯಿಸಿದ ಚೀನಿಕಾಯಿ, ಎಂದರೆ ಸಿಹಿಗುಂಬಳ, ಕ್ಯಾರೆಟ್. ಮೊಟ್ಟೆ. ಮುಳ್ಳು ತೆಗೆದ ಬೂತಾಯಿ. ಒಂದು ಚಮಚ ಮೊಸರು. ಗಂಟುನೋವಿಗೆ ಒಂದು ಪುಡಿ. ಮೈಗೂ ಕೂದಲಿಗೂ ಒಂದು ಚಮಚ ಮೀನೆಣ್ಣೆ.

ಮೀನೆಣ್ಣೆ ಎಂದು ಬರೆಯುವಾಗ ನನಗೆ ಸಣ್ಣಗೆ ನಗು ಬಂತು. ಉಮ್ಮನ ಚಮಚ ಕಡಲು ದಾಟಿ ನನ್ನ ಕೈಗೇ ಬಂದಿತ್ತು.

“ಉಪ್ಪು ಬೇಡ, ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ” ಎಂದು ಮೇಡಂ ಓದಿದರು.

“ಈರುಳ್ಳಿ ಬೇಡವಾ? ಸ್ವಲ್ಪವೂ?”

“ನಾಯಿಗಳಿಗೆ ಅದು ವಿಷ, ಮೊಯ್ದೀನ್.”

ಈರುಳ್ಳಿಯಿಲ್ಲದ, ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಅಡುಗೆ. ಅದ್ರಾಮಾಕ ಇದ್ದಿದ್ದರೆ ನನ್ನ ಕೈಯಿಂದ ಸಟ್ಟುಗ ಕಸಿದುಕೊಳ್ಳುತ್ತಿದ್ದರು. ಊರಿನಲ್ಲಿರುವ ಹೆಂಡತಿ ಝೊಹರಾಗೆ ಫೋನಿನಲ್ಲಿ ಹೇಳಿದರೆ ಅವಳು, “ನನಗೆ ಜ್ವರ ಬಂದಾಗ ನೀವು ಒಂದು ಗಂಜಿ ಬೇಯಿಸಿ ಕೊಟ್ಟದ್ದು ನೆನಪಿಲ್ಲ. ಚೀನಿಕಾಯಿ ಬೇಯಿಸಲಿಕ್ಕೆ ನಾನು ನಾಯಿಯಾಗಿ ಹುಟ್ಟಬೇಕಿತ್ತಾ?” ಎಂದಳು.

ಚೀನಿಕಾಯಿ, ಬೂತಾಯಿ ತಂದುಕೊಡುತ್ತಿದ್ದವನು ಜಬ್ಬಾರ್ ಭಾಯ್. ಭಟ್ಕಳದವನು, ಹತ್ತಿರದಲ್ಲೇ ಬಕಾಲಾ, ಎಂದರೆ ದಿನಸಿ ಅಂಗಡಿ, ಇಟ್ಟಿದ್ದಾನೆ. ಅವನ ಮನೆಮಾತು ನವಾಯತಿ, ನನ್ನದು ಬ್ಯಾರಿ. ನಮ್ಮ ಜಗಳವೆಲ್ಲ ಕನ್ನಡದಲ್ಲಿ. ಚೀನಿಕಾಯಿ ಇಳಿಸುವಾಗಲೆಲ್ಲ ಜಿಂಕೆಯ ಕಡೆ ಕೈ ತೋರಿಸಿ, “ಇವತ್ತು ದೊಡ್ಡವರಿಗೆ ಎಂತ ಪಲ್ಯ?” ಎಂದು ಕೇಳುತ್ತಿದ್ದ.

ಮೊದಲ ತಿಂಗಳು ಜಿಂಕೆ ಬಟ್ಟಲನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಗುತ್ತಿದ್ದಳು. ಕೂದಲಿಗೆ ಹೊಳಪು ಬಂತು. ತಕ್ಕಡಿಯಲ್ಲೂ ಮುಳ್ಳು ಸ್ವಲ್ಪ ಏರಿತು. ಉಪ್ಪಿಲ್ಲದೆಯೂ ಮೊಯ್ದೀನನ ಕೈ ನಡೆಯುತ್ತದೆ ಎಂದು ನಾನು ಎದೆಯುಬ್ಬಿಸಿ ತಿರುಗಿದೆ.

ಮೇ ತಿಂಗಳ ಬಿಸಿಲು ಏರುತ್ತಿದ್ದಂತೆ ಅವಳು ಊಟ ಬಿಟ್ಟಳು. ಬರುತ್ತಿದ್ದಳು, ಬಟ್ಟಲಿಗೆ ಮೂಗು ತರುತ್ತಿದ್ದಳು, ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಏನೋ ಕೇಳುವ ಹಾಗೆ. ಆಮೇಲೆ ಹೋಗಿ ಮಲಗುತ್ತಿದ್ದಳು. ಮೊಟ್ಟೆ ಹೆಚ್ಚು ಹಾಕಿದೆ. ಬೂತಾಯಿ ಹೆಚ್ಚು ಹಾಕಿದೆ. ಪರಿಮಳಕ್ಕಾದರೂ ತಿನ್ನಲಿ ಎಂದು ಒಂದು ಚಮಚದ ಮೀನೆಣ್ಣೆಯನ್ನು ಎರಡು ಮಾಡಿದೆ. ಅವಳು ಬಟ್ಟಲಿನ ಹತ್ತಿರ ಬರುವುದನ್ನೂ ನಿಲ್ಲಿಸಿದಳು. ಮಧ್ಯಾಹ್ನ ಮಲಗಿದಾಗ ಅವಳ ಕಾಲುಗಳು ಓಡುತ್ತಿರಲಿಲ್ಲ.

ಅದೇ ಸಮಯಕ್ಕೆ ಸರ್ ಅವರ ಕೆಲಸದ ಕರಾರು ಮುಗಿದು, ಜುಲೈ ಕೊನೆಗೆ ಎಲ್ಲರೂ ಊರಿಗೆ ಹೊರಡುವುದು ನಿಶ್ಚಯವಾಗಿತ್ತು. ಜಿಂಕೆ ವಿಮಾನ ಹತ್ತಬೇಕಾದರೆ ಡಾಕ್ಟರ ಸಹಿ ಬೇಕು. ತೂಕ ಇನ್ನೂ ಇಳಿದರೆ ಸಹಿ ಹಾಕಲಾರೆ, ದಾರಿಯಲ್ಲೇ ಹೋಗಿಬಿಡುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಮುಂದಿನ ಭಾನುವಾರ ರಕ್ತ ಪರೀಕ್ಷೆ.

ಒಂದು ಬೆಳಿಗ್ಗೆ ಮೇಡಂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. “ಹತ್ತು ವರ್ಷ ನನ್ನ ಮಂಚದ ಪಕ್ಕ ಮಲಗಿದವಳು. ಯಾರದ್ದೋ ಮನೆಯಲ್ಲಿ ಬಿಟ್ಟು ಹೋದರೆ ಬಾಗಿಲು ನೋಡ್ತಾನೇ ಸಾಯ್ತಾಳೆ. ಅದಕ್ಕಿಂತ ಡಾಕ್ಟರೇ ಒಂದು ಸೂಜಿ ಚುಚ್ಚಿಬಿಡಲಿ, ಮೊಯ್ದೀನ್. ನನ್ನ ಮಡಿಲಲ್ಲಿ.”

ನಾನು ಕೊತ್ತಂಬರಿ ಸೊಪ್ಪು ಹೆಚ್ಚುತ್ತಲೇ ಇದ್ದೆ. ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದೆ.

ಆ ಗುರುವಾರ ಜಬ್ಬಾರ್ ಭಾಯ್ ಬಂದ. ಹಿಂಬಾಗಿಲಿಗೆ ಬಂದವನು ಸಲಾಮು ಹೇಳುವುದನ್ನು ಅರ್ಧಕ್ಕೇ ನಿಲ್ಲಿಸಿ ಅಂಗಿಯ ಕೈಯಿಂದ ಮೂಗು ಮುಚ್ಚಿಕೊಂಡ.

“ಎಂತದು ಮಾರಾಯ ಇದು? ಇಲ್ಲಿ ಬೆಕ್ಕು ಎಂತಾದ್ರೂ ಸತ್ತಿದೆಯಾ?”

“ಯಾವ ಬೆಕ್ಕು?”

ಅವನು ಮೂಗಿನ ಹಿಂದೆಯೇ ಹೋದ. ಸ್ಟೋರಿನ ಬಾಗಿಲು ತೆಗೆದು, ಮಣ್ಣಿನ ಡಬ್ಬಿಯ ಪಕ್ಕದಲ್ಲಿದ್ದ ಮೀನೆಣ್ಣೆಯ ಬಾಟಲಿ ಎತ್ತಿ, ಮುಚ್ಚಳ ತಿರುಗಿಸಿದವನು ಬಾಟಲಿಯನ್ನು ಕೈಯಳತೆಯಷ್ಟು ದೂರ ಹಿಡಿದ.

“ಇದನ್ನಾ ಆ ಪ್ರಾಣಿಗೆ ಹಾಕ್ತಿರುವುದು? ಇದನ್ನು ದೋಣಿಗೆ ಹಚ್ಚಿದ್ರೆ ದೋಣಿ ಮುಳುಗ್ತದೆ, ನಾಚಿಕೆಯಿಂದ. ಫ್ರಿಜ್ಜಿನಲ್ಲಿ ಇಡ್ಬೇಕು ಅಂತ ಬಾಟಲಿ ಮೇಲೇ ಬರೆದಿದೆಯಲ್ಲ.”

“ನಾಯಿಯ ಸಾಮಾನು ಮನೆಯ ಫ್ರಿಜ್ಜಿನಲ್ಲಿ ಹೇಗೆ ಇಡುವುದು ಭಾಯ್?”

“ಬಾಟಲಿಯನ್ನು ನಾಯಿ ನೆಕ್ಕಿದೆಯಾ? ನಿನಗೆ ಆ ಮಸಲೆ, ಆ ಧರ್ಮದ ನಿಯಮ, ಹೇಳಿಕೊಟ್ಟ ಉಸ್ತಾದ್ ಯಾರು? ತಗಡಿನ ಗೂಡಲ್ಲಿ, ಈ ಬಿಸಿಲಲ್ಲಿ ಎಣ್ಣೆ ಇಟ್ಟಿದ್ದೀಯಲ್ಲ. ಏಳು ಸಲ ತೊಳೆಯುವ ಗಡಿಬಿಡಿಯಲ್ಲಿ ತಲೆಯನ್ನೂ ತೊಳೆದುಕೊಂಡಿದ್ದೀಯಾ ಹೇಗೆ?”

ಅವನು ನನ್ನ ಮುಖ ನೋಡಿದ. ಬಾಟಲಿಯನ್ನು ನನ್ನ ಮೂಗಿನ ಕೆಳಗೆ ತಂದ. ನಾನು ಕದಲಲಿಲ್ಲ. ಅವನ ಸ್ವರ ತಗ್ಗಿತು.

“ಮೊಯ್ದೀನ್. ನಿನಗೆ ಇದರ ವಾಸನೆ ಬರ್ತಾ ಇಲ್ಲವಾ?”

“ಇಲ್ಲ.”

“ಯಾವಾಗಿಂದ?”

“ಎರಡು ವರ್ಷ.”

ಜಬ್ಬಾರ್ ಭಾಯ್ ಚೀನಿಕಾಯಿಯ ಮೇಲೆಯೇ ಕೂತ. “ಯಾರಿಗೂ ಹೇಳ್ಬೇಡ. ಇದನ್ನು ಬಿಸಾಡುವ. ಸಂಜೆಯೊಳಗೆ ಹೊಸ ಬಾಟಲಿ ತಂದ್ಕೊಡ್ತೇನೆ. ಅವಳು ತಿಂತಾಳೆ, ಕಥೆ ಮುಗೀತದೆ. ಎಂತಕ್ಕೆ ಸುಮ್ಮನೆ ಹೊಟ್ಟೆಪಾಡು ಹಾಳು ಮಾಡ್ಕೊಳ್ಳುವುದು?” ಎಂದ.

ಒಪ್ಪಿದೆ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಹೊಸ ಎಣ್ಣೆ ಬಂತು. ಬಟ್ಟಲನ್ನು ತಿಕ್ಕಿ ತಿಕ್ಕಿ ತೊಳೆದೆ. ಎಲ್ಲ ಹೊಸದಾಗಿ ಬೇಯಿಸಿ ಇಟ್ಟೆ. ಜಿಂಕೆ ದೂರದಿಂದ ಬಟ್ಟಲನ್ನು ನೋಡಿದಳು, ಮುಖ ತಿರುಗಿಸಿದಳು. ಶುಕ್ರವಾರ ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಅವಳಿಗೆ ಎಣ್ಣೆಯ ಮೇಲಲ್ಲ, ನನ್ನ ಬಟ್ಟಲಿನ ಮೇಲೇ ನಂಬಿಕೆ ಹೋಗಿತ್ತು. ಮೂರು ವಾರ ಒಬ್ಬ ಅಡುಗೆಯವನು ಹಳಸಿದ್ದನ್ನೇ ಇಟ್ಟರೆ ನೀವಾದರೂ ಆ ಹೋಟೆಲಿಗೆ ಮತ್ತೆ ಹೋಗುತ್ತೀರಾ?

ಶನಿವಾರ ಮಧ್ಯಾಹ್ನ ಅವಳು ಟೈಲ್ಸಿನ ಮೇಲೆ ಮಲಗಿದ್ದಳು. ನಾನು ಸ್ಟೂಲಿನ ಮೇಲೆ. ಜೊಂಪು ಹತ್ತಿತು. ಕನಸಿನಲ್ಲಿ ಉಮ್ಮ ಬಂದಳು, ಚಮಚ ತಂದಳು. ಬಾಯಿ ತೆರೆದೆ. “ಮೂಗು ಮುಚ್ಚು” ಎಂದಳು. ಮುಚ್ಚಲಿಲ್ಲ, ವಾಸನೆ ಬೇಕಿತ್ತಲ್ಲ. ಆದರೆ ಕನಸಿನಲ್ಲೂ ಆ ದಿನ ವಾಸನೆ ಬರಲಿಲ್ಲ. ಎಚ್ಚರವಾದಾಗ ಜಿಂಕೆ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಮರುದಿನ ರಕ್ತ ತೆಗೆಯುತ್ತಾರೆ, ರೋಗ ಹುಡುಕುತ್ತಾರೆ, ಸಿಗುವುದಿಲ್ಲ, ವಯಸ್ಸಾಯಿತು ಎನ್ನುತ್ತಾರೆ. ಆಮೇಲೆ ಸೂಜಿ. ಸ್ಟೂಲಿನಿಂದ ಎದ್ದು ಒಳಗೆ ಹೋದೆ.

“ಮೇಡಂ, ಜಿಂಕೆಗೆ ರೋಗ ಇಲ್ಲ. ರೋಗ ಇರುವುದು ನನ್ನ ಮೂಗಿಗೆ.”

ಎಲ್ಲ ಹೇಳಿದೆ. ತಗಡಿನ ಸ್ಟೋರು, ಬಾಟಲಿ, ಎರಡು ಚಮಚ. ಮೇಡಂ ಕೇಳುತ್ತ ಕೇಳುತ್ತ ಕೂತಲ್ಲೇ ನೆಟ್ಟಗಾದರು.

“ನಮ್ಮ ಊಟ? ಅದನ್ನೂ ಹೀಗೇ ಮಾಡ್ತಿದ್ರಾ?”

“ನಿಮ್ಮದನ್ನು ನಾಲಿಗೆಯಲ್ಲಿ ನೋಡ್ತೇನೆ ಮೇಡಂ. ಅವಳದನ್ನು ನೋಡುವ ಹಾಗಿಲ್ಲವಲ್ಲ.”

“ಎರಡು ವರ್ಷ. ಒಂದು ಮಾತು ಹೇಳಲಿಲ್ಲ ನೀವು.”

“ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ತಾರೆ ಮೇಡಂ?”

“ನಾನು ಅವಳನ್ನು ಕೊಲ್ಲಿಸೋದಕ್ಕೆ ಹೊರಟಿದ್ದೆ, ಮೊಯ್ದೀನ್” ಎಂದರು. ಸ್ವರ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. ಜಿಂಕೆಯನ್ನು ಕರೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಬರಲು ಯಾರೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಒಲೆ ಹೊತ್ತಿಸುವ ಚಟ್ ಎಂಬ ಸದ್ದು ಕೇಳಿತು. ಆರು ವರ್ಷದಲ್ಲಿ ನಾನಿರುವಾಗ ಬೇರೆಯವರ ಕೈ ಆ ಒಲೆ ಹೊತ್ತಿಸಿದ್ದು ಅದೇ ಮೊದಲು. ಬಾಣಲೆ ಇಟ್ಟರು. ಎಣ್ಣೆ ಹಾಕಿದರು. ಈರುಳ್ಳಿ ಬಿತ್ತು. ಕೇಳುತ್ತ ಕೂತೆ. ಹೋಗಲಿ, ಇನ್ನು ನನ್ನ ಒಲೆಯಲ್ಲ ಎಂದುಕೊಂಡೆ. ಅಷ್ಟರಲ್ಲಿ ಟೊಮೆಟೊ ಹೆಚ್ಚಿದ ತಟ್ಟೆ ಎತ್ತುವ ಸದ್ದು. ತಡೆಯಲಾಗಲಿಲ್ಲ.

“ಮೇಡಂ” ಎಂದು ಹೊರಗಿನಿಂದಲೇ ಕರೆದೆ. “ಇನ್ನೆರಡು ನಿಮಿಷ. ಈರುಳ್ಳಿ ಇನ್ನೂ ಅಳ್ತಾ ಇದೆ.”

ತಟ್ಟೆ ಕೆಳಗಿಟ್ಟ ಸದ್ದು. ನಾವಿಬ್ಬರೂ ಬಾಗಿಲಿನ ಆಚೆ ಈಚೆ ಬಾಣಲೆಗೆ ಕಿವಿಗೊಟ್ಟೆವು. ಅಳು ಬಿಕ್ಕಳಿಕೆಯಾಯಿತು. ಬಿಕ್ಕಳಿಕೆ ಪಿಸುಮಾತಾಯಿತು.

“ಈಗ” ಎಂದೆ.

ಬಾಗಿಲು ತೆರೆಯಿತು. ಮೇಡಂ ಸಟ್ಟುಗ ಹಿಡಿದು ನಿಂತಿದ್ದರು. ಕಣ್ಣು ಕೆಂಪಗಿತ್ತು, ಈರುಳ್ಳಿಯದ್ದೂ ಇರಬಹುದು. “ಸರಿಯಾಗಿ ಕೆಂಪಾಗಿದೆ” ಎಂದರು. “ಒಳಗೆ ಬನ್ನಿ. ಸಿಟ್ಟು ಹೋಗಿಲ್ಲ ನನಗೆ. ಆದರೂ ಬನ್ನಿ.”

ಭಾನುವಾರ ಡಾಕ್ಟರು ಎಲ್ಲ ಕೇಳಿ, ಹಳಸಿದ ಎಣ್ಣೆಯಿಂದ ಹೊಟ್ಟೆ ಕೆಟ್ಟಿರಬಹುದು ಎಂದು ಮದ್ದು ಕೊಟ್ಟರು. ಆ ಬಟ್ಟಲು ಬೇಡ, ಸದ್ಯಕ್ಕೆ ಎಣ್ಣೆಯೂ ಬೇಡ. ಊಟ ಬೆಚ್ಚಗಿರಲಿ, ಮತ್ತೆ ನಂಬಿಕೆ ಬರುವವರೆಗೆ ಕೈಯಿಂದ ತಿನ್ನಿಸಿ ಎಂದರು. ಮೇಡಂ, “ನಾನು ತಿನ್ನಿಸ್ತೇನೆ, ನಿಮಗೆ ತೊಳೆಯೋ ಕಷ್ಟ” ಎಂದರು. ನಾನು ಬೇಡ ಎಂದೆ. ಕೆಡಿಸಿದ ಕೈಯೇ ಸರಿಮಾಡಬೇಕು.

ಬೇಯಿಸಿದ ಚೀನಿಕಾಯಿ, ಬೂತಾಯಿ, ನೆನೆಸಿದ ನಾಲ್ಕು ಕಾಳು ಕಲಸಿ, ಟೈಲ್ಸಿನ ಮೇಲೆ ಚಕ್ಕಳಮಕ್ಕಳ ಕೂತು, ಅಂಗೈ ಚಾಚಿದೆ. ಜಿಂಕೆ ಬಂದಳು. ಮೂಸಿದಳು. ಅಂಗೈಯನ್ನು, ಬೆರಳುಗಳನ್ನು, ಮಣಿಕಟ್ಟನ್ನು. ಇಷ್ಟು ಹೊತ್ತು ಯಾರೂ ನನ್ನನ್ನು ಪರೀಕ್ಷೆ ಮಾಡಿದ್ದಿಲ್ಲ. ಅದ್ರಾಮಾಕ ಕೂಡ. ಕೊನೆಗೆ ನಾಲಿಗೆ ತಾಗಿತು. ಆರು ವರ್ಷ ದೂರವಿಟ್ಟದ್ದು ಎಷ್ಟು ಬೆಚ್ಚಗಿತ್ತು, ಎಷ್ಟು ಮೆತ್ತಗಿತ್ತು. ಒಂದು ತುತ್ತು. ನಿಲ್ಲಿಸಿ ನನ್ನ ಮುಖ ನೋಡಿದಳು. ಎರಡನೆಯದು.

ಆಮೇಲೆ ನಲ್ಲಿಯ ಹತ್ತಿರ ಹೋಗಿ ಏಳು ಸಲ ತೊಳೆದೆ, ಒಂದು ಸಲ ಮಣ್ಣಿನಲ್ಲಿ. ದಿನಕ್ಕೆ ಮೂರು ಊಟ, ಮೂರೇಳು ಇಪ್ಪತ್ತೊಂದು ತೊಳೆತ. ಬೆರಳ ಸಂದಿ ಬಿರಿಯಿತು. ಡಬ್ಬಿ ಖಾಲಿಯಾದಾಗ ಖರ್ಜೂರದ ಮರದ ಬುಡದಿಂದ ಮತ್ತೆ ತುಂಬಿಸಿಕೊಂಡೆ. ಜಬ್ಬಾರ್ ಭಾಯ್ ನೋಡಿ, “ಅವಳಿಗೆ ಚಮಚದಲ್ಲಿ ತಿನ್ನಲಿಕ್ಕೆ ಕಲಿಸು ಮಾರಾಯ, ನಿನ್ನ ಕೈ ಉಳೀತದೆ” ಎಂದ. ಮತ್ತೆ ಎಣ್ಣೆ ಶುರುಮಾಡುವಾಗ ಬಾಟಲಿ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ ಕೂತಿತು. ಪ್ರತಿ ಸಲ ಮುಚ್ಚಳ ತೆಗೆದು ಮೊದಲು ಜಿಂಕೆಯ ಮುಂದೆ ಹಿಡಿಯುತ್ತಿದ್ದೆ. ಅವಳು ಮೂಗು ಅಲ್ಲಾಡಿಸಿ, ಬಾಲ ಒಂದು ಸಲ ಆಚೆ, ಒಂದು ಸಲ ಈಚೆ. ಪಾಸು. ದಿನಕಳೆದಂತೆ ಮೀನು, ಮಾಂಸ ಎಲ್ಲವೂ ಅವಳ ಮುಂದೆ ಹಾದೇ ಒಲೆಗೆ ಹೋಗತೊಡಗಿತು. ದೂರದಿಂದಲೇ, ತಾಗಿಸದೆ. ಒಂದು ಅಡುಗೆಮನೆಯಲ್ಲಿ ಒಂದು ಮೂಗು ಇದ್ದರೆ ಸಾಕು.

ಮಧ್ಯಾಹ್ನಗಳಲ್ಲಿ ಅವಳ ಕಾಲು ಮತ್ತೆ ಓಡತೊಡಗಿತು. ಜುಲೈಯಲ್ಲಿ ಡಾಕ್ಟರು ತಕ್ಕಡಿ ನೋಡಿ ಸಹಿ ಹಾಕಿದರು. ಹೊರಡುವ ದಿನ ಪಂಜರದೊಳಗೆ ಹೋಗುವ ಮೊದಲು ಅವಳು ತಾನಾಗಿ ಬಂದು, ಏನೂ ಇಲ್ಲದ ನನ್ನ ಖಾಲಿ ಅಂಗೈಯನ್ನು ಒಮ್ಮೆ ನೆಕ್ಕಿದಳು. ಮುದ್ದು ಎಂದರೆ ಅಷ್ಟಕ್ಕಷ್ಟೇ ಆದವಳು.

ಈಗ ಇದೇ ಕಾಂಪೌಂಡಿನಲ್ಲಿ ಬೇರೆ ಮನೆಯಲ್ಲಿದ್ದೇನೆ. ಮೊದಲ ದಿನವೇ ಆ ಮನೆಯವರಿಗೆ, “ನನಗೆ ವಾಸನೆ ಬರುವುದಿಲ್ಲ. ಹಾಲು, ಮೀನು ನೀವೇ ಒಮ್ಮೆ ಮೂಸಿ ಕೊಡಬೇಕು. ಉಳಿದದ್ದು ನನಗೆ ಬಿಡಿ” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಊಟ ಮಾಡಿ ನೋಡಿ ಎಂದೆ. ಮಾಡಿದರು. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ನಿನ್ನೆ ಮೇಡಂ ವೀಡಿಯೋ ಕಾಲ್ ಮಾಡಿದ್ದರು. ಮೈಸೂರಿನ ಮನೆಯ ಅಡುಗೆಮನೆ, ಒಲೆಯ ಮೇಲೆ ಚೀನಿಕಾಯಿ. “ಎಣ್ಣೆ ಹೊಸದು ತಂದಿದ್ದೇನೆ. ಯಾಕೋ ಅನುಮಾನ. ಸರಿಯಿದೆಯಾ ನೋಡಿ ಮೊಯ್ದೀನ್” ಎಂದು ಬಾಟಲಿಯ ಬಾಯಿಯನ್ನು ಫೋನಿಗೆ ಹಿಡಿದರು. ಹಿಡಿದ ಮೇಲೆ ಅವರಿಗೂ ತಿಳಿಯಿತು, ಅವರು ಬಾಟಲಿ ಅಲ್ಲಾಡುವಷ್ಟು ನಕ್ಕರು.

“ನನ್ನನ್ನು ಕೇಳ್ತೀರಲ್ಲ ಮೇಡಂ. ಅವಳನ್ನು ಕೇಳಿ” ಎಂದೆ.

ಫೋನು ಕೆಳಗೆ ಇಳಿಯಿತು. ಪರದೆ ತುಂಬ ಕಪ್ಪನೆಯ, ಒದ್ದೆಯಾದ ಮೂಗು ಬಂತು. ನನ್ನ ಸ್ವರ ಕೇಳಿ ಅವಳು ಎಣ್ಣೆಯನ್ನು ಬಿಟ್ಟು ಫೋನನ್ನೇ ಮೂಸುತ್ತಿದ್ದಳು. ಈ ಮನುಷ್ಯ ಇದರೊಳಗೆ ಎಲ್ಲಿದ್ದಾನೆ ಎಂದು ಅಂಚಿನಿಂದ ಅಂಚಿಗೆ ಹುಡುಕುತ್ತಿದ್ದಳು. ಅವಳಿಗೂ ಏನೂ ಬರುತ್ತಿರಲಿಲ್ಲ. ನನಗೇ ಗೊತ್ತಿಲ್ಲದೆ ಅಂಗೈಯನ್ನು ಪರದೆಗೆ ಒತ್ತಿದೆ. ಗಾಜು ತಣ್ಣಗಿತ್ತು, ಒಣಗಿತ್ತು.

ಅಸರ್ ಮುಗಿಸಿ ಬಂದು ಡಬ್ಬಿಯ ಮುಚ್ಚಳ ತೆಗೆದದ್ದು ಅದಾದ ಮೇಲೆ. ಮಣ್ಣು ತಳಕ್ಕೆ ಇಳಿದಿತ್ತು. ಮುಚ್ಚಳ ಹಾಕುವ ಮೊದಲು ಹಳೆಯ ಮನೆಯ ಹಿಂದಿನ ಖರ್ಜೂರದ ಮರದವರೆಗೆ ನಡೆದು ಹೋಗಿ, ಡಬ್ಬಿಯನ್ನು ಬಾಯಿವರೆಗೆ ತುಂಬಿಸಿ ತಂದೆ.